ಕಬ್ಬೆಕ್ಕು ನಾಯಿಯಾದ ಕಥೆ

(ಮಡಿಕೇರಿಯಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಮೂರನೇ ಕ್ಲಾಸಿನ ಹುಡುಗನೊಬ್ಬ ನಾಲ್ಕು ಸಾಲು ಬರೆದು ತಂದು ತೋರಿಸಿದ. ರಾತ್ರಿ ನಾಯಿ ಬಂತು. ಕೋಳಿ ಹಿಡಿಯಿತು. ಅಜಿ ಕೂಗಿದಳು. ನಾಯಿ ಓಡಿತು. ಅಷ್ಟೇ. ಅಜ್ಜಿಗೆ ಒತ್ತು ಇರಲಿಲ್ಲ, ಅದು ಬಿಡಿ. ಸುಮ್ಮನೆ ಮಾತಿಗೆ ಕೇಳಿದೆ, "ಯಾರ ಮನೆ ನಾಯಿ ಮಗಾ?" ಅವನು ಕಾಲಬೆರಳು ನೋಡುತ್ತಾ ನಿಂತ. ಆಮೇಲೆ ಹೇಳಿದ, "ನಾಯಿ ಅಲ್ಲ ಟೀಚರ್, ಕಬ್ಬೆಕ್ಕು." ಹಾಗಾದರೆ ನಾಯಿ ಅಂತ ಯಾಕೆ ಬರೆದೆ? "ಕಬ್ಬೆಕ್ಕು ಬರೆಯಲಿಕ್ಕೆ ಬರುವುದಿಲ್ಲ."

ಕಬ್ಬೆಕ್ಕು ಎಂದರೆ ಬೆಕ್ಕಿನಂಥ ಕಾಡುಪ್ರಾಣಿ. ನೋಡಿ, ಆ ಪದದಲ್ಲಿ ಎರಡು ಒತ್ತು. ನಾಯಿಯಲ್ಲಿ ಒಂದೂ ಇಲ್ಲ. ಒತ್ತಿಗೆ ಹೆದರಿ ಹುಡುಗ ಪ್ರಾಣಿಯನ್ನೇ ಬದಲಾಯಿಸಿಬಿಟ್ಟಿದ್ದ. ಬಾಯಲ್ಲಿ ಹೇಳು ಎಂದೆ. ಶುರುವಾಯಿತು ನೋಡಿ. ಕೋಳಿಗೂಡಿನ ತಗಡು ಸದ್ದಾದದ್ದು, ಟಾರ್ಚು ಬಿಟ್ಟಾಗ ಮಾಡಿನ ಮೇಲೆ ಎರಡು ಕಣ್ಣು ಹೊಳೆದದ್ದು, ಅಜ್ಜಿ ಒಲೆಯ ಕೊಳ್ಳಿಯನ್ನೇ ಎಸೆದು ಕಡೆಗೆ ಅದನ್ನು ಹುಡುಕಿ ತಂದು ಮತ್ತೆ ಒಲೆಗೆ ಇಟ್ಟದ್ದು. ಅಷ್ಟೆಲ್ಲ ಅವನ ಬಾಯಲ್ಲಿತ್ತು. ಪುಸ್ತಕದಲ್ಲಿ ಇದ್ದದ್ದು ಯಾರದ್ದೋ ಒಂದು ನಾಯಿ.

ನನಗೆ ನಗು ಬಂತು. ಸಂಜೆ ಬಸ್ಸಿಗೆ ಕಾಯುತ್ತಾ ನಿಂತಾಗ ಆ ನಗು ಹೋಯಿತು. ಇಷ್ಟು ವರ್ಷದಲ್ಲಿ ನನ್ನ ಕ್ಲಾಸಿನಲ್ಲಿ ಎಷ್ಟು ಕಬ್ಬೆಕ್ಕುಗಳು ನಾಯಿಗಳಾಗಿರಬಹುದು? ಕಾಗುಣಿತ ಸರಿಯಿದೆ ಎಂದು ನಾನು ಎಷ್ಟು ನಾಯಿಗಳಿಗೆ "ಗುಡ್" ಹಾಕಿದ್ದೇನೆ?

ಇನ್ನೊಂದು ನಿಮಗೆಲ್ಲ ಗೊತ್ತಿರುವುದೇ. ‘ಮಳೆಗಾಲ’ ಎಂದು ಪ್ರಬಂಧ ಕೊಡಿ. ನಾಪೋಕ್ಲಿನ ಮಗುವೂ ಶನಿವಾರಸಂತೆಯ ಮಗುವೂ ಒಂದೇ ಥರ ಬರೆಯುತ್ತವೆ. ಮಳೆ ಬಂದರೆ ರೈತರಿಗೆ ಸಂತೋಷ, ಕೆರೆಕಟ್ಟೆ ತುಂಬುತ್ತವೆ, ನವಿಲು ಕುಣಿಯುತ್ತದೆ. ಯಾರ ಮನೆ ಹಿಂದೆ ನವಿಲು ಕುಣಿಯಿತು ಮಾರಾಯರೇ? ಈ ಮಕ್ಕಳಿಗೆ ಮಳೆ ಎಂದರೆ ಒಲೆಯ ಮೇಲಿನ ಹಗ್ಗದಲ್ಲಿ ಒಣಗದ ಯೂನಿಫಾರಂ, ಹೊಗೆ ವಾಸನೆ ಹೊಡೆಯುವ ಸಾಕ್ಸು, ಮೂರು ದಿನ ಕರೆಂಟಿಲ್ಲದಿರುವುದು, ತೋಡು ದಾಟಿಸಲು ಬರುವ ಅಪ್ಪ, ಜಿಗಣೆಗೆ ಹಚ್ಚಿಕೊಳ್ಳುವ ಸೋಪು. ಎಲ್ಲಕ್ಕಿಂತ ಹೆಚ್ಚಾಗಿ ಮಳೆ ರಜೆ. ಬೆಳಿಗ್ಗೆ ಡಿ.ಸಿ. ಸಾಹೇಬರ ಆದೇಶ ಬಂತೇ ಇಲ್ಲವೇ ಎಂದು ಮೊಬೈಲು ನೋಡುವ ಆ ಹತ್ತು ನಿಮಿಷದ ಮೇಲೆ ಒಂದು ಕಥೆ ಬರೆಯಬಹುದು. ಆದರೆ ಗೈಡಿನಲ್ಲಿ ಅದಿಲ್ಲ. ಗೈಡಿನಲ್ಲಿ ಇಲ್ಲದ್ದು ಬರೆಯಲು ಯೋಗ್ಯವಲ್ಲ ಎಂದು ಮಗು ಅಂದುಕೊಳ್ಳುತ್ತದೆ. ಹಾಗೆಂದು ನಾವ್ಯಾರೂ ಬಾಯಿಬಿಟ್ಟು ಹೇಳಿರುವುದಿಲ್ಲ. ನಾವು ಯಾವುದಕ್ಕೆ ಅಂಕ ಕೊಡುತ್ತೇವೆ ಎಂಬುದನ್ನು ನೋಡಿ ಅದು ತಾನೇ ಕಲಿತುಕೊಳ್ಳುತ್ತದೆ.

ಇದೇ ಸಾಲಿಗೆ ಸೇರಿದ್ದು ನೀತಿ. ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ನಾಟಿಯ ದಿನ ಗದ್ದೆ ಕೆಸರಿನಲ್ಲಿ ಹೊಸ ಚಪ್ಪಲಿ ಹೂತುಹೋದ ಕಥೆ ಬರೆದಳು. ಚೆಂದದ ಕಥೆ, ಎಲ್ಲರೂ ಸೇರಿ ಕೆಸರಲ್ಲಿ ಕೈ ಹಾಕಿ ತಡಕಾಡಿದರೆ ಅವಳದ್ದರ ಬದಲು ಹೋದ ವರ್ಷ ಕಳೆದಿದ್ದ ಮಾವನ ಚಪ್ಪಲಿ ಸಿಗುತ್ತದೆ! ಕೊನೆಗೆ ಗೆರೆ ಎಳೆದು ಬರೆದಿದ್ದಳು: "ನೀತಿ: ಚಪ್ಪಲಿ ಹಾಕಬಾರದು." ಕಥೆ ಎಂದರೆ ಕೆಳಗೆ ನೀತಿ ಇರಲೇಬೇಕು ಎಂದು ಅವಳಿಗೆ ಕಲಿಸಿದ್ದು ನಾವೇ ಅಲ್ಲವೇ?

ಈಗ ಭಾಷೆಯ ವಿಷಯ. ನಮ್ಮ ಜಿಲ್ಲೆಯಲ್ಲಿ ಒಂದು ಕ್ಲಾಸ್‌ರೂಮಿನೊಳಗೆ ಎಷ್ಟು ಮನೆಮಾತು ಇರುತ್ತವೆ ಎಂದು ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ನನ್ನ ಕೊನೆಯ ಶಾಲೆಯಲ್ಲಿ ಐದು ತರಗತಿ ಸೇರಿ ಹತ್ತೊಂಬತ್ತು ಮಕ್ಕಳು. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಎರವರ ಮಾತು, ತೋಟದ ಕಾರ್ಮಿಕರ ಲೈನ್ ಮನೆಯ ತಮಿಳು, ಜೊತೆಗೆ ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಇಬ್ಬರು ಮಕ್ಕಳು. ಕನ್ನಡ ಇವರೆಲ್ಲರಿಗೂ ಶಾಲೆಯ ಮಾತು. ಮನೆಯಲ್ಲಿ ನಡೆದದ್ದನ್ನು ಕನ್ನಡದಲ್ಲಿ ಬರೆ ಎಂದರೆ ಮಗು ಒಂದೇ ಏಟಿಗೆ ಎರಡು ಕೆಲಸ ಮಾಡಬೇಕು. ನೆನಪಿಸಿಕೊಳ್ಳಬೇಕು, ಮಾತನ್ನೂ ಬದಲಿಸಬೇಕು. ಎರಡರಲ್ಲಿ ಒಂದು ಸೋರಿಹೋಗುತ್ತದೆ. ಸಾಮಾನ್ಯವಾಗಿ ಸೋರುವುದು ನೆನಪು.

ಬಯಲುಸೀಮೆಯಿಂದ ಹೊಸದಾಗಿ ಬಂದ ಮೇಷ್ಟ್ರೊಬ್ಬರು ನನ್ನ ಜೊತೆಗಿದ್ದರು, ಒಳ್ಳೆಯ ಮನುಷ್ಯ. ಒಂದು ಮಗು "ನಮ್ಮ ತಾಯಿಗೆ ಎಂಬತ್ತು ವರ್ಷ. ಅವರಿಗೆ ಹಲ್ಲು ಇಲ್ಲ" ಎಂದು ಬರೆದಿತ್ತು. ಮೇಷ್ಟ್ರು ಎಂಬತ್ತಕ್ಕೆ ಸುತ್ತು ಹಾಕಿ ಪ್ರಶ್ನೆ ಚಿಹ್ನೆ ಬರೆದರು. ಮಗು ಏನು ಮಾಡಿತು? ಪಾಪ, ಮೂವತ್ತು ಎಂದು ತಿದ್ದಿತು. ಹಲ್ಲಿಲ್ಲದ್ದು ಹಾಗೇ ಉಳಿಯಿತು. ನೀವು ನಗುತ್ತಿದ್ದೀರಿ, ಇಲ್ಲಿ ಅರ್ಧ ಜನರಿಗೆ ವಿಷಯ ಗೊತ್ತು. ಕೊಡವ ತಕ್ಕಿನಲ್ಲಿ ಅಮ್ಮನಿಗೆ ಅವ್ವ, ತಾಯಿ ಎಂದರೆ ಅಜ್ಜಿ. ಮಗುವಿನ ಲೆಕ್ಕ ಸರಿಯಾಗಿಯೇ ಇತ್ತು.

ಅದಕ್ಕೆ ನಾನು ಮಾಡಿಕೊಂಡ ನಿಯಮ ಒಂದು. ಮೊದಲು ಹೇಳುವುದು, ಆಮೇಲೆ ಬರೆಯುವುದು. ಹೇಳುವುದು ಯಾವ ಮಾತಿನಲ್ಲಾದರೂ ಆಗಲಿ. ಪಕ್ಕದಲ್ಲಿ ಕೂತ ಮಗುವಿಗೆ ಹೇಳಲಿ, ಅವರವರ ಭಾಷೆ ಅವರಿಗೆ ಅರ್ಥವಾಗುತ್ತದೆ, ನಮಗಿಂತ ಚೆನ್ನಾಗಿಯೇ. ಬರೆಯುವಾಗ ಕನ್ನಡ ಪದ ಸಿಗದಿದ್ದರೆ ಮನೆಯ ಪದವನ್ನೇ ಕನ್ನಡ ಅಕ್ಷರದಲ್ಲಿ ಬರೆಯಲಿ. ಇದು ನಾನು ಕೊಡುತ್ತಿರುವ ರಿಯಾಯಿತಿ ಅಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡಗಿನ ಹಾಡುಗಳನ್ನು ಜನರ ಬಾಯಿಂದ ಕೇಳಿ, ಕೊಡವ ತಕ್ಕಿನಲ್ಲೇ, ಕನ್ನಡ ಲಿಪಿಯಲ್ಲಿ ಬರೆದು 1924ರಲ್ಲಿ ‘ಪಟ್ಟೋಲೆ ಪಳಮೆ’ ಅಚ್ಚು ಹಾಕಿಸಿದರಲ್ಲ. ಅವರು ಮಾಡಿದ್ದನ್ನು ನಮ್ಮ ಮೂರನೇ ಕ್ಲಾಸಿನವನು ಸಣ್ಣದಾಗಿ ಮಾಡುತ್ತಾನೆ, ಅಷ್ಟೇ.

1924 ಎಂದಾಗ ಇನ್ನೊಬ್ಬರ ನೆನಪಾಗುತ್ತದೆ. ಸ್ವಲ್ಪ ದಾರಿ ತಪ್ಪುತ್ತೇನೆ. ಫ್ರಾನ್ಸಿನ ದಕ್ಷಿಣದ ಹಳ್ಳಿಯೊಂದರಲ್ಲಿ ಸೆಲೆಸ್ತ್ಯಾಂ ಫ್ರೆನೆ ಎಂಬ ಪ್ರಾಥಮಿಕ ಶಾಲೆಯ ಮೇಷ್ಟ್ರಿದ್ದರು. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗಾಯವಾಗಿ ಬಂದವರು. ನಮ್ಮ ಹಾಗೆ ಗಂಟಲು ಹರಿದುಕೊಂಡು ಗಂಟೆಗಟ್ಟಲೆ ಪಾಠ ಮಾಡಲು ಅವರಿಂದ ಆಗುತ್ತಿರಲಿಲ್ಲ. ಹಾಗಾಗಿ ಮಕ್ಕಳು ಮಾತಾಡುವಂತೆ, ಮಕ್ಕಳು ಬರೆಯುವಂತೆ ಮಾಡಿದರು. ಒಂದು ಸಲ ಮಕ್ಕಳು ಬಸವನಹುಳು ತಂದು ಮೇಜಿನ ಮೇಲೆ ಓಟದ ಸ್ಪರ್ಧೆ ಇಟ್ಟರಂತೆ. ನಾವಾಗಿದ್ದರೆ ಕಿಟಕಿಯಿಂದ ಹೊರಗೆ ಎಸೆಯಿರಿ ಎನ್ನುತ್ತಿದ್ದೆವು. ಅವರು ಆ ಓಟದ ಕಥೆಯನ್ನು ಬೋರ್ಡಿನ ಮೇಲೆ ಬರೆದರು, ಅದೇ ಆ ದಿನದ ಪಾಠವಾಯಿತು. 1924ರಲ್ಲಿ ಅವರು ಶಾಲೆಗೇ ಒಂದು ಸಣ್ಣ ಅಚ್ಚಿನ ಯಂತ್ರ ತಂದರು. ಮಕ್ಕಳು ತಮ್ಮ ಬರಹಕ್ಕೆ ತಾವೇ ಅಚ್ಚುಮೊಳೆ ಜೋಡಿಸಿ ಅಚ್ಚು ಹಾಕಿ ದೂರದ ಇನ್ನೊಂದು ಶಾಲೆಗೆ ಕಳಿಸುತ್ತಿದ್ದರು, ಅಲ್ಲಿಂದ ಇವರಿಗೂ ಬರುತ್ತಿತ್ತು. ನಮ್ಮಲ್ಲಿ ಬಸವನಹುಳುವಿಗೆ ಏನು ಬರವೇ? ಶನಿವಾರಸಂತೆ ಕಡೆಯವರನ್ನು ಕೇಳಿ, ಆ ಆಫ್ರಿಕಾದ ದೊಡ್ಡ ಬಸವನಹುಳು ಕಾಫಿ ತೋಟಕ್ಕೆ ನುಗ್ಗಿ ಬೆಳೆಗಾರರು ಕಂಗಾಲಾದದ್ದನ್ನು ಹೇಳುತ್ತಾರೆ. ಅಪ್ಪ ಅಮ್ಮ ಗೋಣಿಯಲ್ಲಿ ಹುಳು ಹೆಕ್ಕುವಾಗ ಮಗು ಮನೆಗೆ ಬಂದು ಯಾವುದೋ ಬೇರೆ ಊರಿನ ಪ್ರಬಂಧ ಕಾಪಿ ಹೊಡೆಯುತ್ತಾ ಕೂತಿರುತ್ತದೆ.

ಒಂದನೆಯ, ಎರಡನೆಯ ತರಗತಿಗೆ ನಾನು ಫ್ರೆನೆಯವರ ಬೋರ್ಡಿನ ದಾರಿಯನ್ನೇ ಹಿಡಿದೆ. ಮಗು ಚಿತ್ರ ಬರೆಯುತ್ತದೆ. ಇದೇನು ಎಂದು ಕೇಳುತ್ತೇನೆ. ಅದು ಹೇಳಿದ್ದನ್ನು ಅದರ ಮಾತಿನಲ್ಲೇ ಬೋರ್ಡಿನ ಮೇಲೆ ಬರೆಯುತ್ತೇನೆ. "ಆನೆ ಬಂದು ಬಾಳೆ ತಿಂದು ಹೋಯ್ತು, ಅಪ್ಪ ಬೈದ್ರು ಆನೆಗೆ." ‘ಬೈದರು’ ಎಂದು ತಿದ್ದುವುದಿಲ್ಲ, ‘ಆನೆಗೆ’ಯನ್ನು ಮುಂದಕ್ಕೆ ಎಳೆಯುವುದಿಲ್ಲ. ತಾನು ಹೇಳಿದ ಮಾತು ಬಿಳಿ ಅಕ್ಷರವಾಗಿ ಗೋಡೆಯ ಮೇಲೆ ನಿಂತದ್ದನ್ನು ನೋಡುವ ಮಗುವಿನ ಮುಖ ಇದೆಯಲ್ಲ, ಅದನ್ನು ನೀವೇ ನೋಡಬೇಕು. ಆ ವಾಕ್ಯವನ್ನು ಓದಲು ಅದಕ್ಕೆ ಕಷ್ಟವೇ ಆಗುವುದಿಲ್ಲ, ಮುಂದೆ ಏನಿದೆ ಎಂದು ಗೊತ್ತಲ್ಲ! ನಮ್ಮ ಶಾಲೆಗಳಲ್ಲಿ ಕಾರ್ಡು ಹಿಡಿದು ಕಲಿಸುವ ನಲಿ-ಕಲಿಯ ಬಗ್ಗೆ ನನಗೆ ಗೌರವವಿದೆ. 1995ರಲ್ಲಿ ಇಲ್ಲೇ ನಾಗರಹೊಳೆ ಕಾಡಿನ ಆ ಬದಿಯಲ್ಲಿ, ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ಪದ್ಧತಿ ಅದು. ಮಗುವಿಗೆ ತನ್ನ ವೇಗದಲ್ಲಿ ಏಣಿ ಹತ್ತುವ ಅವಕಾಶ ಕೊಟ್ಟಿತು. ಆದರೆ ಕಾರ್ಡಿನ ಮೇಲಿನ ವಾಕ್ಯ ಇನ್ನೊಬ್ಬರು ಬರೆದದ್ದು. ವಾರಕ್ಕೊಂದು ವಾಕ್ಯವಾದರೂ ಮಗುವಿನದ್ದೇ ಆಗಿರಲಿ ಎಂಬುದಷ್ಟೇ ನನ್ನ ಮಾತು.

ಅಸ್ಸಾಮಿನ ಇಬ್ಬರಲ್ಲಿ ಚಿಕ್ಕವನು ಆರು ತಿಂಗಳು ಬಾಯಿ ಬಿಡಲಿಲ್ಲ. ಚಿತ್ರ ಮಾತ್ರ ಬರೆಯುತ್ತಿದ್ದ. ರೈಲು, ಮತ್ತೆ ರೈಲು, ಅದರ ಮೇಲೆ ಇನ್ನೊಂದು ರೈಲು. ಕೊಡಗಿನಲ್ಲಿ ರೈಲಿಲ್ಲ, ನಮ್ಮ ಮಕ್ಕಳು ಬಿಟ್ಟ ಕಣ್ಣು ಬಿಟ್ಟಂತೆ ನೋಡುವರು. ಅವರೇ ಅವನ ಸುತ್ತ ಕೂತು ಕೈಸನ್ನೆಯಲ್ಲಿ ಕೇಳಿ ಕೇಳಿ ಕಥೆ ಬರೆದುಕೊಟ್ಟರು. ಮೂರು ರಾತ್ರಿ ರೈಲು, ಅಮ್ಮನಿಗೆ ವಾಂತಿ, ಚಹಾ ಮಾರುವವನು. ಅವನು ಕಲಿತ ಮೊದಲ ಕನ್ನಡ ಪದ ಯಾವುದು ಹೇಳಿ? "ಆಮೇಲೆ?" ಎಲ್ಲರೂ ಅವನಿಗೆ ಕೇಳುತ್ತಿದ್ದದ್ದು ಅದನ್ನೇ.

ತಿದ್ದುವ ವಿಷಯಕ್ಕೆ ಬರುತ್ತೇನೆ, ನಿಮ್ಮ ಮುಖದಲ್ಲಿ ಆ ಪ್ರಶ್ನೆ ಆಗಲೇ ಕಾಣುತ್ತಿದೆ. ತಪ್ಪು ಬಿಟ್ಟರೆ ನಾಳೆ ಬಿ.ಇ.ಓ. (ಕ್ಷೇತ್ರ ಶಿಕ್ಷಣಾಧಿಕಾರಿ) ಬಂದು ಪುಸ್ತಕ ನೋಡಿದರೆ? ತಿದ್ದಬೇಡಿ ಎಂದು ನಾನು ಹೇಳುತ್ತಿಲ್ಲ. ಒಂದು ಕಥೆಗೆ ಒಂದೇ ತಿದ್ದುಪಡಿ. ಅದೂ ಮಗುವಿಗೆ ಆ ಕಥೆಯಲ್ಲಿ ತೀರಾ ಬೇಕಾದ ಪದ. ಪುಸ್ತಕದ ಕೊನೆಯ ಹಾಳೆಯಲ್ಲಿ ‘ನನ್ನ ಪದಗಳು’ ಎಂದು ಪ್ರತಿ ಮಗುವಿಗೂ ಒಂದು ಪಟ್ಟಿ. ಮಹಾಪ್ರಾಣ ಕಾಯಲಿ, ದೀರ್ಘ ಕಾಯಲಿ. ಆ ಹುಡುಗನ ಪಟ್ಟಿಯ ಮೊದಲ ಪದ ಕಬ್ಬೆಕ್ಕು. ಬರೆಯಲು ಬಂದದ್ದೇ ತಡ, ಮುಂದಿನ ಎರಡು ತಿಂಗಳು ಅವನ ಎಲ್ಲ ಕಥೆಗೂ ಕಬ್ಬೆಕ್ಕು ಬಂತು. ಸ್ವಾತಂತ್ರ್ಯ ದಿನಾಚರಣೆಗೂ ಬಂತು. ಒಂದು ಹಾಳೆಯ ತುಂಬಾ ಕೆಂಪು ಗೆರೆ ಎಳೆದಿದ್ದರೆ ಅವನು ಮತ್ತೆ ನಾಯಿಯನ್ನೇ ಸಾಕುತ್ತಿದ್ದ.

ಇನ್ನು ಹಂಚಿಕೊಳ್ಳುವುದು. ಬರೆದದ್ದು ಮೇಷ್ಟ್ರ ಮೇಜಿಗೆ ಹೋಗಿ ಸಹಿ ಬಿದ್ದು ವಾಪಸ್ ಬಂದರೆ ಅದು ಲೆಕ್ಕ ಒಪ್ಪಿಸಿದ ಹಾಗೆ. ಕಥೆಗೆ ಕೇಳುವವರು ಬೇಕು. ನಮ್ಮ ಶಾಲೆಯಲ್ಲಿ ಒಂದು ಮುಕ್ಕಾಲಿ ಇತ್ತು, ಯಾರೋ ಹಳೆಯ ಮನೆ ಕೆಡವಿದಾಗ ಕೊಟ್ಟದ್ದು. ಕೊಡವರ ಮದುವೆಯಲ್ಲಿ ಮುಕ್ಕಾಲಿಯ ಮೇಲೆ ಕೂತವರಿಗೆ ಹಿರಿಯರು ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ ಹರಸುವುದನ್ನು ಮಕ್ಕಳು ನೋಡಿರುತ್ತಾರೆ. ಶುಕ್ರವಾರದ ಕೊನೆಯ ಪೀರಿಯಡ್ಡಿಗೆ ಕಥೆ ಓದುವವರು ಅದರ ಮೇಲೆ ಕೂರಬೇಕು, ಉಳಿದವರು ನೆಲದಲ್ಲಿ. ನಾನೂ ನೆಲದಲ್ಲೇ. ವಾರಕ್ಕೆ ಇಬ್ಬರು, ಹೆಚ್ಚೆಂದರೆ ಮೂವರು. ಓದಿ ಮುಗಿದ ಮೇಲೆ ಚಪ್ಪಾಳೆ ಇಲ್ಲ. ಚಪ್ಪಾಳೆ ಎಲ್ಲರಿಗೂ ಒಂದೇ ಥರ ಬೀಳುತ್ತದೆ, ಕೇಳದೇ ಇದ್ದವನೂ ಹೊಡೆಯುತ್ತಾನೆ. ಬದಲಿಗೆ ಕೇಳಿದವರಲ್ಲಿ ಒಬ್ಬರು ತಮ್ಮ ಮನಸ್ಸಿನಲ್ಲಿ ಉಳಿದ ಒಂದು ಸಂಗತಿ ಹೇಳಬೇಕು, ಇನ್ನೊಬ್ಬರು ಗೊತ್ತಾಗದ ಒಂದು ಸಂಗತಿ ಕೇಳಬೇಕು. "ಅಜ್ಜಿ ಎಸೆದ ಕೊಳ್ಳಿ ಆರಿಹೋಗಲಿಲ್ಲವಾ?" ಇಷ್ಟೇ ಸಾಕು. ಸೋಮವಾರ ಆ ಹುಡುಗ ಕೊಳ್ಳಿಯ ಬಗ್ಗೆ ಎರಡು ಸಾಲು ಸೇರಿಸಿಕೊಂಡು ಬಂದಿರುತ್ತಾನೆ. ‘ಇನ್ನೂ ವಿವರವಾಗಿ ಬರೆ’ ಎಂದು ನಾನು ನೂರು ಸಲ ಹೇಳಿದರೂ ಬರದ ಎರಡು ಸಾಲು ಅವು.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಇದನ್ನು ಹೇಳದೆ ಉಳಿದದ್ದನ್ನೆಲ್ಲ ಹೇಳಿದರೆ ನಾನು ನಿಮಗೆ ಮೋಸ ಮಾಡಿದ ಹಾಗೆ.

ಐದನೇ ತರಗತಿಯ ಒಬ್ಬಳು ಬಹಳ ಚೆನ್ನಾಗಿ ಬರೆಯುತ್ತಿದ್ದಳು. ಒಂದು ದಿನ, ಅಪ್ಪ ಕುಡಿದು ಬಂದ ರಾತ್ರಿ ಅಮ್ಮನೂ ಇವಳೂ ಕಾಫಿ ಗಿಡಗಳ ನಡುವೆ ಬೆಳಗಿನವರೆಗೆ ಕೂತದ್ದನ್ನು ಬರೆದು ನನ್ನ ಮೇಜಿನ ಮೇಲಿಟ್ಟು ಹೋಗಿದ್ದಳು. ಅಪ್ಪನ ಮೇಲೆ ಒಂದೂ ಕೆಟ್ಟ ಮಾತಿರಲಿಲ್ಲ. ಕಾಫಿ ಹೂವಿನ ವಾಸನೆ, ಚಳಿ, ಅಮ್ಮ ತನ್ನ ಸೆರಗನ್ನು ಇವಳಿಗೆ ಹೊದಿಸಿದ್ದು, ಲೈನ್ ಮನೆಯ ದೀಪ ಯಾವಾಗ ಆರುತ್ತದೋ ಎಂದು ಕಾದದ್ದು. ಓದಿ ನನಗೆ ಗಂಟಲು ಕಟ್ಟಿತು. ಆ ಉಮೇದಿನಲ್ಲಿ, ಇಷ್ಟು ಚೆಂದ ಬರೆದಿದ್ದಾಳಲ್ಲ ಎಂಬ ಹೆಮ್ಮೆಯಲ್ಲಿ, ಮರುದಿನ ಪ್ರಾರ್ಥನೆಯ ಹೊತ್ತಿಗೆ ಎಲ್ಲರ ಮುಂದೆ ಓದಿಬಿಟ್ಟೆ. ಹೆಸರು ಹೇಳಲಿಲ್ಲ. ಆದರೆ ಸಣ್ಣ ಊರಿನಲ್ಲಿ ಹೆಸರು ಹೇಳಬೇಕೇ? ಅವಳು ಸಾಲಿನಲ್ಲಿ ನಿಂತಿದ್ದಳು. ಅಳಲಿಲ್ಲ. ಆ ವರ್ಷ ಮುಗಿಯುವವರೆಗೆ ನನಗಾಗಿ ಅವಳು ಬರೆದದ್ದು ಗೈಡಿನ ಪ್ರಬಂಧಗಳನ್ನು. ಮಳೆಗಾಲದಲ್ಲಿ ರೈತರು ಸಂತೋಷಪಡುತ್ತಾರೆ. ಒಂದೂ ತಪ್ಪಿಲ್ಲದೆ.

ನಾನು ಕ್ಷಮೆ ಕೇಳಿದೆ. "ಪರವಾಗಿಲ್ಲ ಟೀಚರ್" ಎಂದಳು. ಮಕ್ಕಳು ಹಾಗೆ ಹೇಳುವುದು ಪರವಾಗಿಲ್ಲ ಅನ್ನಿಸಿ ಅಲ್ಲ, ಟೀಚರಿಗೆ ಬೇರೆ ಏನು ಹೇಳಬೇಕೆಂದು ಗೊತ್ತಾಗದೆ.

ಆಮೇಲೆ ನಮ್ಮಲ್ಲಿ ಮಡಚಿದ ಪುಟ ಎಂಬುದೊಂದು ಬಂತು. ಮಗು ಹಾಳೆಯನ್ನು ಒಳಕ್ಕೆ ಮಡಚಿ ಕೊಟ್ಟರೆ ಟೀಚರ್ ಒಬ್ಬರೇ ಓದಬೇಕು. ಎರಡು ಸಲ ಮಡಚಿದರೆ ಟೀಚರೂ ಓದುವ ಹಾಗಿಲ್ಲ, ಬರೆದಿದ್ದಾಳೆ ಎಂದು ಗುರುತು ಹಾಕಿ ವಾಪಸ್ ಕೊಡಬೇಕು. ಓದಿದ್ದರಲ್ಲಿ ಮಗುವಿಗೆ ಅಪಾಯವಿದೆ ಎಂದು ಕಂಡರೆ ಸುಮ್ಮನಿರುವಂತಿಲ್ಲ, ಸಹಾಯ ಮಾಡುವವರಿಗೆ ಹೇಳಲೇಬೇಕು. ಅದನ್ನೂ ಮಗುವಿಗೆ ಮೊದಲೇ ತಿಳಿಸಿರಬೇಕು. ಈಗ ನಿಮಗೆಲ್ಲ ವಾಟ್ಸಾಪ್ ಗ್ರೂಪು ಬೇರೆ ಇದೆ. ಮಗುವಿನ ಕಥೆಯ ಫೋಟೋ ಹೊಡೆದು ಹಾಕುವ ಮೊದಲು ಬರೆದವರನ್ನು ಕೇಳಿದ್ದೀರಾ? ಹೆತ್ತವರನ್ನಲ್ಲ, ಬರೆದವರನ್ನು.

ಗುಡ್ಡಗಳು ಕುಸಿದ 2018ರ ಆಗಸ್ಟ್ ಬಗ್ಗೆ ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಮಕ್ಕಂದೂರು, ಕಾಲೂರು, ಮುಕ್ಕೋಡ್ಲು, ಜೋಡುಪಾಲ, ಈ ಹೆಸರುಗಳು ಸಾಕು. ಪರಿಹಾರ ಕೇಂದ್ರದಲ್ಲಿ ಮಕ್ಕಳ ಜೊತೆ ಕೂತಿದ್ದಾಗ ಒಬ್ಬರು ಬಂದು, ಮಕ್ಕಳಿಂದ ಅನುಭವ ಬರೆಸಿ ಟೀಚರ್, ಒಳ್ಳೆಯದಾಗುತ್ತದೆ ಎಂದರು. ನಾನು ಬರೆಸಲಿಲ್ಲ. ಕಾಗದ, ಬಣ್ಣ ಕೊಟ್ಟೆ, ಅಷ್ಟೇ. ಒಂದೂವರೆ ವರ್ಷದ ಮೇಲೆ ಆ ಗುಂಪಿನ ಒಬ್ಬ ಹುಡುಗ ತಾನಾಗಿ ಬರೆದ. ಗುಡ್ಡ ಕುಸಿದದ್ದನ್ನಲ್ಲ. ಅವರ ಮನೆಯ ಪಕ್ಕದ ಹಲಸಿನ ಮರದಲ್ಲಿ ಯಾವ ಕೊಂಬೆಯ ಹಣ್ಣು ಸಿಹಿ, ಯಾವುದು ಸಪ್ಪೆ, ಮಂಗಗಳಿಗೆ ಅದು ಹೇಗೆ ಮೊದಲೇ ಗೊತ್ತಾಗುತ್ತಿತ್ತು ಎಂದು ಒಂದು ಪುಟ. ಯಾವ ಕಾಲದಲ್ಲಿ ಬರೆದಿದ್ದಾನೆ ಎಂದು ನೋಡಿದೆ. "ಇದೆ", "ಆಗುತ್ತದೆ", "ತಿನ್ನುತ್ತೇವೆ". ತಿದ್ದಲಿಲ್ಲ.

ಪುಸ್ತಕ ಮಾಡುವುದು ಸುಲಭ, ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ಒಂದು ಎ-ಫೋರ್ ಹಾಳೆ, ಒಂದು ಬದಿ ಬಳಸಿದ್ದಾದರೂ ಆದೀತು. ಮೂರು ಸಲ ಮಡಚಿದರೆ ಎಂಟು ಮನೆ, ನಡುವೆ ಒಂದು ಕತ್ತರಿ. ಅಂಟು ಬೇಡ, ಪಿನ್ ಬೇಡ. ರಟ್ಟಿನ ಮೇಲೆ ಕಥೆಯ ಹೆಸರು, ಬರೆದವರ ಹೆಸರು, ಊರು. ಹೆಸರನ್ನು ಮಾತ್ರ ಮರೆಯಬೇಡಿ. ನಮ್ಮ ಕೊಡಗಿನ ಗೌರಮ್ಮ ತೊಂಬತ್ತು ವರ್ಷದ ಹಿಂದೆ ಇಲ್ಲೇ ಕೂತು ಕನ್ನಡದಲ್ಲಿ ಅಷ್ಟು ಗಟ್ಟಿ ಕಥೆಗಳನ್ನು ಬರೆದವರು, 1939ರಲ್ಲಿ ಹೊಳೆಯಲ್ಲಿ ತೀರಿಕೊಂಡಾಗ ಇನ್ನೂ ಇಪ್ಪತ್ತೇಳು. ಅವರು ಕಥೆಗೆ ಹಾಕುತ್ತಿದ್ದ ಹೆಸರು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’, ಗಂಡನ ಹೆಸರು. ನಮ್ಮ ಹುಡುಗಿಯರು ಒಂದನೇ ಕ್ಲಾಸಿನಿಂದಲೇ ಸ್ವಂತ ಹೆಸರು ದಪ್ಪಕ್ಷರದಲ್ಲಿ ಬರೆಯಲಿ. ಆ ಪುಸ್ತಕ ಗ್ರಂಥಾಲಯದ ಕಪಾಟಿಗೇ ಹೋಗಬೇಕು, ರಿಜಿಸ್ಟರಿನಲ್ಲಿ ನಂಬರು ಬೀಳಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಪ್ರತಿ ಶಾಲೆಗೂ ಗ್ರಂಥಾಲಯ ಇರಬೇಕು, ಅದರಲ್ಲಿ ಕಥೆ ಪುಸ್ತಕಗಳೂ ಇರಬೇಕು ಎಂದಿದೆ. ಆ ಕಥೆಗಳನ್ನು ಬರೆದವರಿಗೆ ಎಷ್ಟು ವಯಸ್ಸಾಗಿರಬೇಕು ಎಂದೇನೂ ಹೇಳಿಲ್ಲ. ಮಳೆಗಾಲದಲ್ಲಿ ಮಾತ್ರ ಜೋಪಾನ, ಬೂಷ್ಟು ಹಿಡಿಯುತ್ತದೆ. ಪೆನ್ನಿಗಿಂತ ಪೆನ್ಸಿಲ್ ಒಳ್ಳೆಯದು, ಶಾಯಿ ಹರಡುತ್ತದೆ. ಒಬ್ಬ ತಾಯಿ (ಕನ್ನಡದ ತಾಯಿ!) ಮಗಳ ಪುಸ್ತಕವನ್ನು ಒಲೆಯ ಮೇಲಿನ ಅಟ್ಟದಲ್ಲಿ ಬಿತ್ತನೆ ಬೀಜದ ಜೊತೆ ಇಟ್ಟಿದ್ದರು. ಹೊಗೆಯಲ್ಲಿ ಕಂದು ಬಣ್ಣ ಬಂದಿತ್ತು, ಒಂದು ಹುಳ ಮುಟ್ಟಿರಲಿಲ್ಲ.

ಸಾಧ್ಯವಾದರೆ ಇನ್ನೊಂದು ಶಾಲೆಯ ಜೊತೆ ಪುಸ್ತಕ ಬದಲಾಯಿಸಿಕೊಳ್ಳಿ. ನಮ್ಮ ಮಳೆ ನಾಡಿನ ಶಾಲೆಯಿಂದ ಕುಶಾಲನಗರದ ಕಡೆಯ ಬಯಲು ಶಾಲೆಗೆ ಹತ್ತು ಪುಸ್ತಕ ಕಳಿಸಿದೆವು, ದಿನಾ ಆ ಕಡೆ ಹೋಗುವ ಬಸ್ಸಿನ ಕಂಡಕ್ಟರ್ ಕೈಯಲ್ಲಿ. ಒಂದು ಜಿಗಣೆಯ ಕಥೆಗೆ ಅಲ್ಲಿಂದ ಚೀಟಿ ಬಂತು: "ಜಿಗಣೆ ಕೆರೆಯಲ್ಲಿ ಇರುತ್ತದೆ. ನಿಮ್ಮ ಜಿಗಣೆ ಗಿಡದ ಮೇಲೆ ಯಾಕೆ ಇದೆ? ನೀನು ಸುಳ್ಳು ಬರೆದಿದ್ದೀಯ." ನಮ್ಮ ಹುಡುಗನಿಗೆ ಬಂದ ಸಿಟ್ಟು ನೋಡಬೇಕಿತ್ತು. ಊಟದ ಬಿಡುವಿನಲ್ಲಿ ತೋಟಕ್ಕೆ ನುಗ್ಗಿದ, ಜಿಗಣೆ ಎಲೆಯ ತುದಿಯಲ್ಲಿ ಹೇಗೆ ಎದ್ದು ನಿಲ್ಲುತ್ತದೆ, ಮನುಷ್ಯ ಹತ್ತಿರ ಬಂದರೆ ಯಾವ ಕಡೆ ಬಾಗುತ್ತದೆ, ಕಚ್ಚಿದ್ದು ಯಾಕೆ ಗೊತ್ತಾಗುವುದಿಲ್ಲ ಎಂದು ಎರಡೂವರೆ ಪುಟ ಬರೆದ. ಅವನಿಂದ ಅಷ್ಟು ಉದ್ದದ್ದನ್ನು ನಾನು ಎಂದೂ ಬರೆಸಿರಲಿಲ್ಲ. ಸಾಕ್ಷಿಗೆ ಒಂದು ಜಿಗಣೆಯನ್ನೇ ಬೆಂಕಿಪೆಟ್ಟಿಗೆಯಲ್ಲಿ ಹಾಕಿ ಕಳಿಸುತ್ತೇನೆ ಎಂದ, ಕಂಡಕ್ಟರ್ ಒಪ್ಪಲಿಲ್ಲ.

ಸಮಯ ಎಲ್ಲಿದೆ ಎಂದು ಹಿಂದಿನ ಸಾಲಿನವರು ಕೇಳುತ್ತಿದ್ದೀರಿ. ನಾನೂ ಏಕೋಪಾಧ್ಯಾಯ ಶಾಲೆಯಲ್ಲಿ ಇದ್ದವಳೇ. ಬಿಸಿಯೂಟದ ಲೆಕ್ಕ, ಹಾಲಿನ ಲೆಕ್ಕ, ಮೀಟಿಂಗು, ಆನ್‌ಲೈನ್ ಎಂಟ್ರಿ ಎಲ್ಲ ಕಂಡಿದ್ದೇನೆ. ವಾರಕ್ಕೆ ಒಂದು ಪೀರಿಯಡ್, ನಲವತ್ತು ನಿಮಿಷ, ಅದಕ್ಕಿಂತ ಹೆಚ್ಚು ನನಗೂ ಸಿಕ್ಕಿರಲಿಲ್ಲ.

ಆದರೆ ಒಂದು ಷರತ್ತಿದೆ. ಮಕ್ಕಳು ಬರೆಯುವಾಗ ನೀವೂ ಬರೆಯಬೇಕು, ಮುಕ್ಕಾಲಿಯ ಮೇಲೆ ನಿಮ್ಮ ಸರದಿಯೂ ಬರಬೇಕು. ಅದಕ್ಕೇ ಬಾಗಿಲಲ್ಲಿ ನಿಮಗೆಲ್ಲ ಒಂದೊಂದು ಹಾಳೆ ಕೊಟ್ಟದ್ದು, ಟಿಪ್ಪಣಿಗಲ್ಲ. ಮಡಚಿ. ಕತ್ತರಿ ಎರಡೇ ಇದೆ, ದಾಟಿಸಿಕೊಳ್ಳಿ. ನೀವು ಮೂರನೇ ಕ್ಲಾಸಿನಲ್ಲಿದ್ದಾಗ ಮನೆಯಲ್ಲಿ ನಡೆದ ಯಾವುದಾದರೂ ಒಂದು ರಾತ್ರಿ. ಮೊದಲು ಪಕ್ಕದವರಿಗೆ ಹೇಳಿ, ಮನೆಮಾತಿನಲ್ಲೇ. ಆಮೇಲೆ ಹತ್ತು ನಿಮಿಷ ಬರೆಯಿರಿ. ಒತ್ತು ಬಿಟ್ಟುಹೋದರೆ ನಾನು ನೋಡುವುದಿಲ್ಲ. ಮಡಚಿ ಕೊಟ್ಟರೆ ಓದುವುದೂ ಇಲ್ಲ.